ಕಲಬೆರಕೆ ಬ್ಯಾಂಡಿನ ಗಂಟೆಪ್ಪನವರು ಸರಿಹೋದದ್ದು

ಗಂಟೆಪ್ಪನವರ ಕಸುಬು ಗಾಡಿಗಳ ಸೀಟಿಗೆ ಕವರ್ ಹೊಲಿಯುವುದು. ಅವರ ಹೊಲಿಗೆ ಗಟ್ಟಿ, ಆದರೆ ನೇರವಲ್ಲ. ಅವರು ಹೊಲಿದ ಸೀಟಿನ ಮೇಲೆ ಕೂತವರು ಸ್ವಲ್ಪ ಎಡಕ್ಕೆ ವಾಲಿಕೊಂಡೇ ಊರು ಸೇರುತ್ತಿದ್ದರು. ಯಾರಾದರೂ ಆಕ್ಷೇಪಿಸಿದರೆ, "ಸೀಟು ನೆಟ್ಟಗೇ ಇದೆ. ನೀವು ಹೋಗೋ ರಸ್ತೆ ವಾಲಿದೆ," ಎನ್ನುತ್ತಿದ್ದರು. ರಸ್ತೆಯನ್ನು ಹೊತ್ತು ತಂದು ತೋರಿಸುವುದು ಯಾರಿಂದಲೂ ಆಗದ ಕೆಲಸವಾದ್ದರಿಂದ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಗಂಟೆಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪ್ರಾಯದಲ್ಲಿ ಅವರು ಒಂದು ಬ್ಯಾಂಡಿನಲ್ಲಿದ್ದರು. ದನದ ಕೊರಳಿಗೆ ಕಟ್ಟುವಂಥ ಕಬ್ಬಿಣದ ಗಂಟೆಯೊಂದನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಕೋಲಿನಿಂದ ಬಾರಿಸುತ್ತಿದ್ದರು. ಬ್ಯಾಂಡು ಹೋಯಿತು, ಹೆಸರು ಉಳಿಯಿತು.

ಆ ಬ್ಯಾಂಡಿನವರು ಬಾರಿಸಲು ಹೊರಟದ್ದು ಫಂಕ್ ಎಂಬ ಸಂಗೀತವನ್ನು. ಅದು ಕಿವಿಗಿಂತ ಮೊದಲು ಸೊಂಟಕ್ಕೆ ಅರ್ಥವಾಗುವ ಸಂಗೀತ ಎಂದು ಬಲ್ಲವರು ಹೇಳುತ್ತಾರೆ. ಆದರೆ ಬರಿಯ ಫಂಕ್ ಬಾರಿಸಿ ಸುಮ್ಮನಾಗುವ ಜನ ಅಲ್ಲಿ ಸೇರಿರಲಿಲ್ಲ. ಡ್ರಮ್ಮಿನ ಮುಂದೆ ಕೂರುತ್ತಿದ್ದವರು ಲಾಂಡ್ರಿಯ ಇಸ್ತ್ರಿಯಣ್ಣ. ಫಂಕಿನ ಹುಚ್ಚು ಅವರದು. ಹಾರ್ಮೋನಿಯಂನವರು ಪ್ರಾರ್ಥನಾ ಮಂದಿರದಿಂದ ಬಂದವರು. ಕಣ್ಣು ಮುಚ್ಚಿದರೆ ಬೆರಳಿಗೆ ಸ್ತೋತ್ರವೇ ಬರುತ್ತಿತ್ತು. ಕಹಳೆಯವನು ಪೋಲೀಸ್ ಬ್ಯಾಂಡು ಬಿಟ್ಟು ಬಂದವನು. ಅವನು ಊದಿದರೆ ಕುಣಿಯುತ್ತಿದ್ದವರು ಥಟ್ಟನೆ ಸೆಟೆದು ನಿಲ್ಲುತ್ತಿದ್ದರು. ಹಾಡುಗಾರ ಬಸ್ ಕಂಡಕ್ಟರ್. ಸಾಹಿತ್ಯ ಮರೆತರೆ ನಿಲ್ದಾಣಗಳ ಹೆಸರನ್ನು ರಾಗವಾಗಿ ಕೂಗಿಬಿಡುತ್ತಿದ್ದ. ಯಾರೂ ಯಾರಿಗೂ ದಾರಿ ಬಿಡಲಿಲ್ಲ. ಹೀಗೆ ಭಕ್ತಿ, ಕವಾಯತು, ಬಸ್ಸು, ಸೊಂಟ ನಾಲ್ಕೂ ಒಂದೇ ಹಾಡಿನಲ್ಲಿ ಸೇರಿಕೊಂಡವು. "ಇದು ಸಂಗೀತವಲ್ಲ, ಕಲಬೆರಕೆ," ಎಂದು ಪತ್ರಿಕೆಯೊಂದು ಬೈದು ಬರೆಯಿತು. ಹೆಸರು ಸಿಗದೆ ಒದ್ದಾಡುತ್ತಿದ್ದ ಬ್ಯಾಂಡಿನವರು ಪತ್ರಿಕೆಗೆ ಕೃತಜ್ಞತೆ ತಿಳಿಸಿ ಅದನ್ನೇ ಹೆಸರಾಗಿಟ್ಟುಕೊಂಡರು. ಬೋರ್ಡು ನೋಡಿ ಆಹಾರ ಇಲಾಖೆಯ ಇನ್‌ಸ್ಪೆಕ್ಟರು ಒಳಗೆ ನುಗ್ಗಿ, "ಎಣ್ಣೆ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದ್ದೂ ಉಂಟು.

ಗಂಟೆಪ್ಪನವರನ್ನು ಸೇರಿಸಿಕೊಳ್ಳಲು ಕಾರಣ ಒಂದೇ: ಅವರ ಹತ್ತಿರ ವ್ಯಾನಿತ್ತು. ವ್ಯಾನು ಕೊಡುವವನನ್ನು ಸುಮ್ಮನೆ ಮೂಲೆಯಲ್ಲಿ ಕೂರಿಸುವುದು ಮರ್ಯಾದೆಯಲ್ಲ ಎಂದು ಕೈಗೆ ಗಂಟೆ ಕೊಟ್ಟರು. ಅವರು ಬಾರಿಸುತ್ತಿದ್ದರು, ನಿಜ. ಆದರೆ ಎಲ್ಲರ ಪೆಟ್ಟು ಬಿದ್ದ ಮೇಲೆ, ಯಾರೋ ಏನೋ ಮರೆತದ್ದನ್ನು ನೆನಪಿಸಿಕೊಂಡಂತೆ, ಅವರ ಗಂಟೆ 'ಠಣ್' ಎನ್ನುತ್ತಿತ್ತು. ಒಂದೇ ಒಂದು ರೆಕಾರ್ಡು ಹೊರಬಂತು. ಅದರ ಮೇಲಿನ ಚಿತ್ರದಲ್ಲಿ ಗಂಟೆಪ್ಪನವರಿಲ್ಲ. ಅವರು ಬರುವ ಹೊತ್ತಿಗೆ ಫೋಟೋದವನು ಕ್ಯಾಮೆರಾ ಕಟ್ಟಿಕೊಂಡು ಹೋಗಿಯಾಗಿತ್ತು.

ರೆಕಾರ್ಡನ್ನು ಯಾರೂ ಕೊಳ್ಳಲಿಲ್ಲ. ಕಾಲ ಕಳೆಯಿತು. ಹಾರ್ಮೋನಿಯಂನವರು ಮೊದಲು ಹೋದರು, ಆಮೇಲೆ ಕಹಳೆಯವನು, ಆಮೇಲೆ ಕಂಡಕ್ಟರ್. ಕೊನೆಗೆ ಇಸ್ತ್ರಿಯಣ್ಣನೂ ಕಣ್ಣು ಮುಚ್ಚಿದರು. ದೇವರು ಗಂಟೆಪ್ಪನವರನ್ನೂ ಜೊತೆಯಲ್ಲೇ ಕರೆದಿರಬೇಕು. ಅವರು ಎಂದಿನಂತೆ ತಡಮಾಡಿದರು.

ಕೀರ್ತಿಯೂ ಹಾಗೆಯೇ ಬಂತು. ದೂರದ ಯಾವುದೋ ಊರಿನ ಹುಡುಗರ ಕೈಗೆ ಆ ರೆಕಾರ್ಡು ಸಿಕ್ಕಿತು. ಅವರು ಕುಣಿದರು. ಅವರನ್ನು ನೋಡಿ ಇನ್ನೊಂದು ಊರಿನವರು ಕುಣಿದರು. ಕುಣಿತ ಎಲ್ಲಿ ಹೆಚ್ಚಾಗುತ್ತದೋ ಅಲ್ಲಿಗೆ ವಿದ್ವಾಂಸರು ಬಂದೇ ಬರುತ್ತಾರೆ. ಸಂಗೀತದ ಪ್ರೊಫೆಸರೊಬ್ಬರು ಕಲಬೆರಕೆ ಬ್ಯಾಂಡಿನಲ್ಲಿ ಬದುಕುಳಿದ ಏಕೈಕ ಮನುಷ್ಯನನ್ನು ಹುಡುಕಿಕೊಂಡು ಸೀಟ್ ಕವರ್ ಅಂಗಡಿಗೆ ಬಂದು, ಅರ್ಧ ಹೊಲಿದ ಸೀಟಿನ ಮೇಲೆ ಕೂತು, ಎಡಕ್ಕೆ ವಾಲಿ, ಕೈಮುಗಿದರು.

"ಸರ್, ನಿಮ್ಮ ಗಂಟೆ ಕಾಲದ ಎದೆಯ ಮೇಲೆ ಬೀಳೋದಿಲ್ಲ. ಕಾಲದ ಬೆನ್ನ ಮೇಲೆ ಬೀಳುತ್ತೆ."

"ಯಾರ ಬೆನ್ನಿನ ಮೇಲೆ?" ಗಂಟೆಪ್ಪನವರು ಹೊಲಿಗೆ ಯಂತ್ರ ನಿಲ್ಲಿಸಿದರು.

"ಕಾಲದ ಬೆನ್ನಿನ ಮೇಲೆ."

"ಪೆಟ್ಟೇನೂ ಆಗಿಲ್ಲ ತಾನೇ?"

ಪ್ರೊಫೆಸರರು ಇದನ್ನು ಬಹಳ ಆಳವಾದ ಮಾತೆಂದು ತಿಳಿದು ಕಣ್ಣು ಮುಚ್ಚಿಕೊಂಡರು. "ಆ ಹೊಡೆತವನ್ನು ಹೇಗೆ ಸಾಧಿಸಿದ್ರಿ?"

ಅವರು ಹೊಗಳುತ್ತಿದ್ದದ್ದು ಗಂಟೆ ತಡವಾಗಿ ಬೀಳುವುದನ್ನೇ. 'ತಡ' ಎಂಬ ಎರಡಕ್ಷರದಲ್ಲಿ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಓದಿದವರಿಗೆ ಎರಡಕ್ಷರದಲ್ಲಿ ಮಾತು ಮುಗಿಸಿದರೆ ಅನ್ನ ಜೀರ್ಣವಾಗುವುದಿಲ್ಲ. ಗಂಟೆಪ್ಪನವರಿಗೆ ಗೊತ್ತಾದದ್ದು ಇಷ್ಟು: ತಾನು ಏನೋ ದೊಡ್ಡದು ಮಾಡಿದ್ದೇನೆ. ಅವರು ಮೀಸೆ ಸವರಿಕೊಂಡರು.

"ಅದು ಒಂದು ದಿನದ್ದಲ್ಲ ಬಿಡಿ. ಬೆಳಗಾಗೋಕೆ ಮುಂಚೆ ಎದ್ದು, ತಣ್ಣೀರಲ್ಲಿ ಸ್ನಾನ ಮಾಡಿ, ಒಂಟಿಕಾಲಲ್ಲಿ ನಿಂತು..."

"ತಣ್ಣೀರಲ್ಲಾ?" ಒಳಗಿನಿಂದ ಹೆಂಡತಿಯ ದನಿ ಬಂತು. "ನೀರು ಸ್ವಲ್ಪ ಆರಿದ್ರೆ ಬಕೆಟ್ಟು ಒದೆಯೋ ಮನುಷ್ಯ! ಒಂಟಿಕಾಲಲ್ಲಿ ನಿಂತದ್ದು ಒಂದೇ ಸಲ, ಮುಳ್ಳು ಚುಚ್ಚಿದಾಗ."

"ಮಹಾನ್ ಕಲಾವಿದರನ್ನು ಮನೆಯವರು ಅರ್ಥ ಮಾಡ್ಕೊಳ್ಳೋದಿಲ್ಲ," ಎಂದರು ಪ್ರೊಫೆಸರರು ಪಿಸುಮಾತಿನಲ್ಲಿ.

"ಅರ್ಥ ಮಾಡ್ಕೊಂಡದ್ದೇ ತೊಂದರೆ ಆಗಿರೋದು," ಎಂದಿತು ಒಳಗಿನ ದನಿ.

ಈ ಸುದ್ದಿ ಮೊದಲು ಮುಟ್ಟಿದ್ದು ಲಾಂಡ್ರಿಗೆ. ಅಲ್ಲಿ ಈಗ ಇಸ್ತ್ರಿಯಣ್ಣನ ಹೆಂಡತಿ ಒಬ್ಬರೇ. ಊರಿಗೆಲ್ಲ ಅವರು ಇಸ್ತ್ರಿ ಅತ್ತಿಗೆ. ಮುಂದಿನ ಕೋಣೆಯಲ್ಲಿ ಅಂಗಡಿ, ಹಿಂದಿನ ಕೋಣೆಯಲ್ಲಿ ಇಸ್ತ್ರಿಮೇಜು, ಅದರ ಮೇಲಿನ ಅಟ್ಟದಲ್ಲಿ ಅವರ ಹಾಸಿಗೆ. ಆ ಹಿಂದಿನ ಕೋಣೆಯಲ್ಲೇ ಬ್ಯಾಂಡು ಅಭ್ಯಾಸ ಮಾಡುತ್ತಿದ್ದದ್ದು, ರೆಕಾರ್ಡಿಗೆ ಹಾಡು ತುಂಬಿದ್ದೂ. ಈಗ ನಗರಸಭೆಯವರು ಆ ಕಟ್ಟಡವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವುದೆಂದು ನಿಶ್ಚಯಿಸಿದ್ದರು. ಅತ್ತಿಗೆ ಮಡಿಸಿದ ಬಟ್ಟೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಗಂಟೆಪ್ಪನವರ ಅಂಗಡಿಗೆ ಬಂದರು.

"ಏನಪ್ಪಾ, ನೀನು ದೊಡ್ಡ ಮನುಷ್ಯ ಆಗಿದ್ದೀಯಂತೆ?"

"ಎಲ್ಲ ಅಣ್ಣನ ಆಶೀರ್ವಾದ ಅತ್ತಿಗೆ."

"ಆಶೀರ್ವಾದ ಆಮೇಲೆ ಇರಲಿ. ಆ ಪ್ರೊಫೆಸರು ನನ್ನ ಹತ್ರಾನೂ ಬಂದಿದ್ರು. ಬ್ಯಾಂಡು ಇಲ್ಲೇ ಹುಟ್ಟಿದ್ದು ಅಂತ ಸಾಬೀತಾದ್ರೆ ಕಟ್ಟಡ ಮುಟ್ಟೋ ಹಾಗಿಲ್ವಂತೆ. ಆಯುಕ್ತರು ಕಮಿಟಿ ಕರ್ಕೊಂಡು ಬರ್ತಾರಂತೆ. ಉಳಿದಿರೋ ಸಾಕ್ಷಿ ನೀನೊಬ್ಬನೇ, ಆದ್ರೆ ಫೋಟೋದಲ್ಲಿ ನೀನಿಲ್ಲ. ಅದಕ್ಕೆ ರೆಕಾರ್ಡು ಹಾಕ್ತಾರೆ, ನೀನು ಅದೇ ಕೋಣೇಲಿ ಅದೇ ಥರ ಬಾರಿಸಿ ತೋರಿಸಬೇಕು. ಬಾರಿಸಿದ್ರೆ ನನಗೆ ತಲೆ ಮೇಲೆ ಸೂರು. ಇಲ್ದಿದ್ರೆ ಕಾರುಗಳ ಮಧ್ಯೆ ಹಾಸಿಗೆ ಹಾಸ್ಕೋಬೇಕು." ಬಟ್ಟೆಯ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ಸರಿಯಾಗಿ ಬಾರಿಸ್ತೀಯಾ ತಾನೇ?" ಎಂದು ಕೇಳಿದರು.

"ಅತ್ತಿಗೆ! ಏನು ಮಾತು ಆಡ್ತೀರಿ? ಕಾಲದ ಬೆನ್ನು ಮುರೀತೀನಿ."

ಅತ್ತಿಗೆ ಅವರನ್ನು ಮೇಲಿಂದ ಕೆಳಗೆ ನೋಡಿ, ನಿಟ್ಟುಸಿರು ಬಿಟ್ಟು ಹೋದರು.

ಅಂದು ಗಂಟೆಪ್ಪನವರು ತಮ್ಮ ರೆಕಾರ್ಡನ್ನು ಮೊದಲ ಸಲ ಗಮನವಿಟ್ಟು ಕೇಳಿದರು. ಬಾರಿಸುವಾಗ ಅವರ ಗಮನವೆಲ್ಲ ವ್ಯಾನಿನ ಚಕ್ರದ ಗಾಳಿಯ ಮೇಲಿರುತ್ತಿತ್ತು. ಈಗ ಕೇಳಿದರೆ, ಡ್ರಮ್ಮು ಬಿತ್ತು, ಕಹಳೆ ಬಿತ್ತು, ಎಲ್ಲ ಮುಗಿಯಿತು ಎನ್ನುವಾಗ 'ಠಣ್'. ಮತ್ತೆ ಎಲ್ಲ ಮುಗಿಯಿತು, 'ಠಣ್'. ಅವರ ಮುಖದ ಬಣ್ಣ ಇಳಿಯಿತು.

"ಏ, ಇಲ್ಲಿ ಬಾ. ಈ ಗಂಟೆ ತಡವಾಗಿ ಬೀಳ್ತಿದೆಯಾ?"

"ಮದುವೆ ದಿನ ನೀವೇ ತಡವಾಗಿ ಬಂದ್ರಿ. ನಿಮ್ಮ ಗಂಟೆ ಮೊದಲೇ ಬರುತ್ತಾ?" ಎಂದರು ಹೆಂಡತಿ.

ಗಂಟೆಪ್ಪನವರಿಗೆ ನೆಲವೇ ಜಾರಿದಂತಾಯಿತು. ಇಡೀ ಲೋಕ ಕೇಳುತ್ತಿದೆ! ಪಾಪ, ಪ್ರೊಫೆಸರಿಗೆ ಇನ್ನೂ ಗೊತ್ತಾಗಿಲ್ಲ. ಒಳ್ಳೆಯ ಮನುಷ್ಯ, ಕಿವಿ ಮಂದ. ಆದರೆ ಕಮಿಟಿ ಎಂದರೆ ತಪ್ಪು ಹುಡುಕುವುದಕ್ಕೇ ಹುಟ್ಟಿದ್ದು. ಅವರ ಕಣ್ಣೆದುರು ತಡವಾಗಿ ಬಾರಿಸಿದರೆ ಅತ್ತಿಗೆಯ ಗತಿ? ಕಮಿಟಿ ಬರುವಷ್ಟರಲ್ಲಿ ತಾನು ಸರಿಹೋಗಬೇಕು.

ಪಕ್ಕದ ಮನೆಯಲ್ಲಿ ನಿವೃತ್ತ ಡ್ರಿಲ್ ಮಾಸ್ತರರಿದ್ದರು. ಶಾಲೆ ಬಿಟ್ಟ ಮೇಲೆ ಸೀಟಿ ಊದಲು ಯಾರೂ ಸಿಗದೆ ಸೊರಗಿ ಹೋಗಿದ್ದರು. ಗಂಟೆಪ್ಪನವರು ಗುಟ್ಟಾಗಿ ಹೋಗಿ ಕಷ್ಟ ಹೇಳಿಕೊಂಡಾಗ ಮಾಸ್ತರರ ಕಣ್ಣಲ್ಲಿ ನೀರು ಬಂತು.

"ನನ್ನ ಸೀಟಿಗೆ ತಪ್ಪಿದವನು ಇನ್ನೂ ಹುಟ್ಟಿಲ್ಲ. ನಾಳೆ ಬೆಳಗ್ಗೆ ತಾರಸಿಗೆ ಬನ್ನಿ. ಚಡ್ಡಿ ಇದೆಯಾ?"

ಮರುದಿನದಿಂದ ತಾರಸಿಯ ಮೇಲೆ ಶುರುವಾಯಿತು. ಒಣಹಾಕಿದ ಬಟ್ಟೆಗಳ ನಡುವೆ ಚಡ್ಡಿ ತೊಟ್ಟು, ಎದೆಯ ಮುಂದೆ ಗಂಟೆ ಹಿಡಿದು ಗಂಟೆಪ್ಪನವರು ಹೆಜ್ಜೆ ಹಾಕುತ್ತಿದ್ದರು.

"ಎಡ! ಬಲ! ಎಡ! ಬಲಕ್ಕೆ ಗಂಟೆ! ಎಲ್ಲಿ ಗಂಟೆ?"

ಠಣ್.

"ನಾನು ಎಲ್ಲಿ ಅಂತ ಕೇಳಿದ ಮೇಲೆ ಬಂತಲ್ಲ! ಕಾಲು ನೆಲಕ್ಕೆ ಬೀಳೋದೂ ಕೋಲು ಗಂಟೆಗೆ ಬೀಳೋದೂ ಒಂದೇ ಆಗಬೇಕು. ನೀರಿನ ಟ್ಯಾಂಕಿಗೆ ಒಂದು ಸುತ್ತು ಓಡಿ!"

ಎದುರುಮನೆಯ ಅಜ್ಜಿ ಕಿಟಕಿ ತೆರೆದು, "ಏನಮ್ಮಾ, ಯುದ್ಧ ಏನಾದ್ರೂ ಶುರುವಾಯ್ತಾ?" ಎಂದು ಗಂಟೆಪ್ಪನವರ ಹೆಂಡತಿಯನ್ನು ಕೇಳಿದರು.

"ಹೌದಜ್ಜಿ."

"ನಿನ್ನ ಗಂಡನ್ನ ಕರ್ಕೊಂಡಿದ್ದಾರಾ? ಹಾಗಾದ್ರೆ ನಮ್ಮ ಕಡೆಗೆ ಸೋಲೇ."

ಆದರೆ ಮಾಸ್ತರರ ಸೀಟಿ ಸಾಮಾನ್ಯದ್ದಲ್ಲ. ಟ್ಯಾಂಕನ್ನು ಸುತ್ತಿ ಸುತ್ತಿ, ಗಂಟೆಪ್ಪನವರು ಒಂದು ಬೆಳಗ್ಗೆ ಸರಿಹೋದರು. ಬಲಗಾಲಿಗೆ ಸರಿಯಾಗಿ ಗಂಟೆ ಬಿತ್ತು. ಮತ್ತೆ ಬಿತ್ತು. ಆಮೇಲೆ ತಪ್ಪಲೇ ಇಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅವರ ದೇಹವೆಲ್ಲ ಸರಿಹೋಯಿತು. ಊಟ ಮಾಡುವಾಗ ಎಡ, ಬಲ, ತುತ್ತು. ಎಡ, ಬಲ, ತುತ್ತು. ಹೆಂಡತಿ ಬೈಯಲು ಬಾಯಿ ತೆರೆಯುವುದಕ್ಕೂ ಅವರು ತಲೆಬಾಗುವುದಕ್ಕೂ ಕೂದಲಿನಷ್ಟು ಅಂತರವಿಲ್ಲ. "ಬೈದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮುಖ ಸಣ್ಣ ಮಾಡ್ತಿದ್ರು, ಅದರಲ್ಲಿ ಒಂದು ಸುಖ ಇತ್ತು," ಎಂದು ಅವರಾಕೆ ಅಜ್ಜಿಯ ಬಳಿ ಅತ್ತುಕೊಂಡರು. ಹೊಲಿಗೆಯೂ ನೆಟ್ಟಗಾಯಿತು. ಹಳೆಯ ಗಿರಾಕಿಯೊಬ್ಬ ಜಗಳಕ್ಕೇ ಬಂದ: "ಏನ್ರೀ ಈ ಸೀಟು? ಇಷ್ಟು ವರ್ಷ ಎಡಕ್ಕೆ ವಾಲಿ ಓಡಿಸಿದೋನು ನಾನು. ಈಗ ನೆಟ್ಟಗೆ ಕೂತ್ರೆ ತಲೆ ಸುತ್ತುತ್ತೆ!"

ಕಮಿಟಿ ಬಂತು. ಹಿಂದಿನ ಕೋಣೆ ಕಿರಿದು. ಒಂದು ಗೋಡೆಯುದ್ದಕ್ಕೂ ಇಸ್ತ್ರಿಮೇಜು, ಇನ್ನೊಂದು ಗೋಡೆಗೆ ಹ್ಯಾಂಗರುಗಳಲ್ಲಿ ತೂಗುವ ಅಂಗಿಗಳು. ಆಯುಕ್ತರು ಯಾರದೋ ಕೋಟಿನ ತೋಳುಗಳ ನಡುವೆ ನಿಂತರು. ನಗರಸಭೆಯ ಎಂಜಿನಿಯರು ಟೇಪು ಹಿಡಿದು, ತೀರ್ಪು ಯಾವುದಾದರೂ ಕೆಲಸ ನಿಲ್ಲಬಾರದೆಂದು ಗೋಡೆಯ ಮೇಲೆ ಸುಣ್ಣದಕಡ್ಡಿಯಿಂದ ಗೀಟು ಹಾಕತೊಡಗಿದರು. ಅತ್ತಿಗೆ ಮಾತ್ರ ಯಾರಿಗೂ ಜಾಗ ಬಿಡದೆ ಇಸ್ತ್ರಿ ಮಾಡುತ್ತಲೇ ಇದ್ದರು. "ಸಂಜೆಗೆ ಬಟ್ಟೆ ಕೊಡ್ಬೇಕು. ಗಿರಾಕಿಗಳು ಕಮಿಟಿ ಅಂದ್ರೆ ಕೇಳಲ್ಲ," ಎಂದರು.

ಪ್ರೊಫೆಸರರು ರೆಕಾರ್ಡು ಹಾಕಿದರು. ಗಂಟೆಪ್ಪನವರು ಎದೆ ಸೆಟೆಸಿ, ಬಲಗಾಲು ಎತ್ತಿ ಇಟ್ಟರು. ಡ್ರಮ್ಮಿನ ಜೊತೆಗೇ ಠಣ್. ಕಹಳೆಯ ಜೊತೆಗೇ ಠಣ್. ದೇವರೇ ಬಂದು ತಾಳ ಹಿಡಿದರೂ ಅಷ್ಟು ಸರಿಯಾಗಿ ಬೀಳುತ್ತಿರಲಿಲ್ಲ. ಒಂದು ಹಾಡು ಮುಗಿಯುವ ಹೊತ್ತಿಗೆ ಗಂಟೆಪ್ಪನವರು ಬೆವರಿ, ಹೆಮ್ಮೆಯಿಂದ ಸುತ್ತಲೂ ನೋಡಿದರು.

ಪ್ರೊಫೆಸರರ ಮುಖ ಒಗೆದು ಹಿಂಡಿದ ಬಟ್ಟೆಯಂತಾಗಿತ್ತು.

"ಇವರಲ್ಲ," ಎಂದರು.

"ಯಾರಲ್ಲ?" ಆಯುಕ್ತರು ಕೋಟಿನ ತೋಳನ್ನು ಸರಿಸಿದರು.

"ಕಲಬೆರಕೆಯ ಗಂಟೆ ಇವರದಲ್ಲ. ಆ ಮಹಾನುಭಾವನ ಹೊಡೆತ ಕಾಲದ ಬೆನ್ನ ಮೇಲೆ ಬೀಳ್ತಿತ್ತು. ಇದು ಶಾಲೆ ಮಕ್ಕಳ ಕವಾಯತು. ಇವರು ನಕಲಿ!"

"ಸ್ವಾಮೀ," ಗಂಟೆಪ್ಪನವರು ಕಂಗಾಲಾದರು, "ಒಂದು ಪೆಟ್ಟಾದ್ರೂ ತಡ ಆಯ್ತಾ ಹೇಳಿ."

"ಅದನ್ನೇ ಹೇಳ್ತಿರೋದು! ತಡ ಆಗ್ಬೇಕು! ತಡ ಆಗೋದೇ ಕಲೆ!"

ಗಂಟೆಪ್ಪನವರ ಕೈಯ ಕೋಲು ಕೆಳಗೆ ಬಿತ್ತು. ಜೀವಮಾನವಿಡೀ ಮಾಡಿದ ಒಂದೇ ಒಂದು ದೊಡ್ಡ ಕೆಲಸವನ್ನು ನೀರಿನ ಟ್ಯಾಂಕಿನ ಸುತ್ತ ಓಡಿ ಓಡಿ ಕಳೆದುಕೊಂಡಿದ್ದರು. ಮತ್ತೆ ಕೋಲು ಎತ್ತಿಕೊಂಡು, ರೆಕಾರ್ಡು ಹಾಕಿಸಿಕೊಂಡು, ತಡಮಾಡಲು ಪ್ರಯತ್ನಿಸಿದರು. ಹಲ್ಲು ಕಚ್ಚಿದರು, ಕಣ್ಣು ಮುಚ್ಚಿದರು, ಮದುವೆಯ ದಿನವನ್ನು ನೆನೆದರು. ಠಣ್, ಠಣ್, ಠಣ್: ಮಾಸ್ತರರ ಸೀಟಿ ನೆತ್ತಿಯೊಳಗೇ ಕೂತುಬಿಟ್ಟಿತ್ತು.

"ಅಂದ್ರೆ ಮನುಷ್ಯ ನಕಲಿ. ಆಗ ಕಟ್ಟಡವೂ ನಕಲಿ ಅಂತಾಯ್ತಲ್ಲ?" ಎಂದು ಆಯುಕ್ತರು ತರ್ಕ ಮಾಡಿದರು. ಎಂಜಿನಿಯರು ಗೀಟನ್ನು ಅತ್ತಿಗೆಯ ಅಟ್ಟದ ಏಣಿಯವರೆಗೆ ಎಳೆದರು.

ಅತ್ತಿಗೆ ತಲೆ ತಗ್ಗಿಸಿ ಅಂಗಿಯೊಂದರ ಬೆನ್ನನ್ನು ಉಜ್ಜುತ್ತಿದ್ದರು. ರೆಕಾರ್ಡನ್ನು ನಿಲ್ಲಿಸಲು ಯಾರಿಗೂ ನೆನಪಾಗಲಿಲ್ಲ. ಇಸ್ತ್ರಿಯಣ್ಣನ ಡ್ರಮ್ಮು ಬಾರಿಸುತ್ತಲೇ ಇತ್ತು. ಅತ್ತಿಗೆ ಬಟ್ಟೆಯ ಮೇಲೆ ಒಂದು ಸಲ ಎಳೆದು ಇಸ್ತ್ರಿಪೆಟ್ಟಿಗೆಯನ್ನು ಅದನ್ನು ಇಡುವ ಕಬ್ಬಿಣದ ಹಲಗೆಯ ಮೇಲೆ ಕುಕ್ಕಿದರು. ಮತ್ತೆ ಎಳೆದರು, ಕುಕ್ಕಿದರು. ಸಿಟ್ಟು ಕೈಗೆ ಇಳಿದಿತ್ತು. ಎಲ್ಲ ಮುಗಿಯಿತು ಎನ್ನುವಾಗ ಠಣ್. ಮತ್ತೆ ಎಲ್ಲ ಮುಗಿಯಿತು, ಠಣ್.

"ನಿಲ್ಲಿ!" ಪ್ರೊಫೆಸರರು ಕೂಗಿದರು. "ಯಾರೂ ಅಲ್ಲಾಡಬೇಡಿ! ಅಮ್ಮಾ, ನೀವು ಮಾತ್ರ ನಿಲ್ಲಿಸಬೇಡಿ!"

ಠಣ್.

"ಇದೇ! ಇದೇ ಬೆನ್ನು! ಅಮ್ಮಾ, ಈ ಹೊಡೆತ ನಿಮಗೆ ಎಲ್ಲಿಂದ ಬಂತು?"

"ಎಲ್ಲಿಂದ ಬರುತ್ತೆ? ಅವರು ಹೋದ ಮೇಲೆ ಮನೇಲಿ ಸದ್ದೇ ಇರಲಿಲ್ಲ. ದಿನಾ ಈ ರೆಕಾರ್ಡು ಹಾಕ್ಕೊಂಡೇ ಇಸ್ತ್ರಿ ಮಾಡ್ತೀನಿ. ಕೈ ಅದಕ್ಕೇ ಒಗ್ಗಿದೆ."

"ಅಲ್ಲ, ಅಲ್ಲ. ಕೇಳಿ ಕಲಿತದ್ದಲ್ಲ ಇದು. ರೆಕಾರ್ಡಿನಲ್ಲಿ ಗಂಟೆ ಬಾರಿಸಿದ್ದು ನೀವೇ ಅಲ್ವಾ?"

"ನಾನ್ಯಾಕೆ ಬಾರಿಸ್ಲಿ? ನನಗೇನು ಬೇರೆ ಕೆಲಸ ಇರಲಿಲ್ವಾ?"

"ನೋಡಿದ್ರಾ ಆಯುಕ್ತರೇ! ಹೆಣ್ಣುಮಗಳ ಬಾಯಿಂದ ಅವಳ ಕಲೆಯನ್ನೇ ತನ್ನದಲ್ಲ ಅನ್ನಿಸ್ತಾರೆ! ಫೋಟೋದಲ್ಲಿ ಐದನೆಯವರು ಯಾಕಿಲ್ಲ ಅಂತ ಈಗ ಅರ್ಥವಾಯ್ತು. ಇವರನ್ನು ಮರೆಮಾಡಿದ್ದಾರೆ!"

ಆಯುಕ್ತರ ಮುಖ ಅರಳಿತು. "ಇದು ಮೊದಲಿಗಿಂತ ಚೆನ್ನಾಗಿದೆ. ಭಾಷಣದಲ್ಲಿ ಹೇಳೋಕೂ ಸಲೀಸು." ಆಮೇಲೆ ಹುಬ್ಬು ಗಂಟಿಕ್ಕಿ, "ಆದ್ರೆ ಈಕೆ ಒಪ್ತಾ ಇಲ್ವಲ್ಲ. ಸಾಕ್ಷಿ ಯಾರು?" ಎಂದರು.

ಎಲ್ಲರೂ ಗಂಟೆಪ್ಪನವರ ಕಡೆ ತಿರುಗಿದರು.

ಗಂಟೆಪ್ಪನವರು ಗಂಟೆಯನ್ನು ನೋಡಿದರು. ಏಣಿಯವರೆಗೆ ಬಂದಿದ್ದ ಸುಣ್ಣದ ಗೀಟನ್ನು ನೋಡಿದರು. ಆ ಮನುಷ್ಯನಿಗೆ ಲೋಕದಲ್ಲಿ ಹೇಳಿಕೊಳ್ಳಲು ಇದ್ದದ್ದು ಆ ಒಂದು 'ಠಣ್' ಮಾತ್ರ. ಅದನ್ನೂ ತೆಗೆದುಕೊಟ್ಟರೆ ಉಳಿಯುವುದು ಸೀಟ್ ಕವರು.

"ಹೌದು ಸ್ವಾಮಿ," ಎಂದರು. "ಬಾರಿಸಿದ್ದು ಅತ್ತಿಗೇನೇ. ನಾನು ಬರೀ ವ್ಯಾನು ಓಡಿಸ್ತಿದ್ದೆ. ಹೊಗಳಿದ್ರಲ್ಲ, ಆಸೆ ಆಯ್ತು."

"ಏ, ಏನು ಬೊಗಳ್ತಿದ್ದೀಯಾ?" ಎಂದು ಅತ್ತಿಗೆ ಪೆಟ್ಟಿಗೆ ಎತ್ತಿಕೊಂಡೇ ಮುಂದೆ ಬಂದರು.

"ಅತ್ತಿಗೆ, ಸಾಕು. ಎಷ್ಟು ದಿನ ಅಂತ ಮುಚ್ಚಿಡ್ತೀರಿ?" ಎಂದರು ಗಂಟೆಪ್ಪನವರು, ಗಟ್ಟಿಯಾಗಿ. ಆಮೇಲೆ ಮೆಲ್ಲಗೆ, "ನಿಮಗೆ ಕೈಮುಗೀತೀನಿ. ಅಟ್ಟ ಹೋಗುತ್ತೆ," ಎಂದರು.

ಅತ್ತಿಗೆ ಅಟ್ಟದ ಏಣಿಯನ್ನು ನೋಡಿ, ಪೆಟ್ಟಿಗೆ ಹಿಡಿದು ಮತ್ತೆ ಮೇಜಿನ ಕಡೆ ಹೋದರು. ಸುಳ್ಳಿಗೆ ಶಿಕ್ಷೆ ಉಂಟೆಂದು ಹಿರಿಯರು ಹೇಳುತ್ತಾರೆ, ಉಂಟು. ಆದರೆ ಕೆಲವು ಸುಳ್ಳುಗಳನ್ನು ಆಡುವ ಹೊತ್ತಿಗೆ ಮೇಲಿರುವವನು ಬೇರೆ ಯಾರದೋ ಮೊರೆ ಕೇಳುತ್ತಿರುತ್ತಾನೆ ಎಂದು ನಂಬುವುದರಲ್ಲಿ ತಪ್ಪಿಲ್ಲ.

ಎಂಜಿನಿಯರು ತಮ್ಮ ಗೀಟನ್ನು ತಾವೇ ಕರವಸ್ತ್ರದಿಂದ ಒರೆಸಿದರು. ಸ್ವಲ್ಪ ದಿನದಲ್ಲೇ ಲಾಂಡ್ರಿಯ ಬಾಗಿಲ ಪಕ್ಕದಲ್ಲಿ ಕಲ್ಲೊಂದು ಬಂತು. ಅದರ ಮೇಲೆ ನಾಲ್ವರ ಹೆಸರು, ಅವರ ಮೇಲೆ ದೊಡ್ಡದಾಗಿ ಅತ್ತಿಗೆಯ ಹೆಸರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, 'ವಾಹನ ವ್ಯವಸ್ಥೆ: ಸೀಟ್ ಕವರ್ ಅಂಗಡಿ.' "ಅಂಗಡಿಗೆ ಒಳ್ಳೇ ಜಾಹೀರಾತು," ಎಂದು ಗಂಟೆಪ್ಪನವರ ಹೆಂಡತಿ ತೃಪ್ತಿಪಟ್ಟರು.

ಪ್ರೊಫೆಸರರು ಕಾಲದ ಬೆನ್ನನ್ನು ಕಲಿಯಲು ಶಿಷ್ಯರನ್ನು ಕಳಿಸತೊಡಗಿದರು. ಅತ್ತಿಗೆ ಮೊದಲು ಬೈದರು, ಆಮೇಲೆ ಬುದ್ಧಿವಂತರಾದರು. ಬಂದವರ ಕೈಗೆಲ್ಲ ಒಂದೊಂದು ಇಸ್ತ್ರಿಪೆಟ್ಟಿಗೆ ಕೊಟ್ಟು, ರೆಕಾರ್ಡು ಹಾಕಿ, "ಮೊದಲು ಕಾಲರ್ ಕಲೀರಿ. ಕಾಲ ಆಮೇಲೆ," ಎನ್ನುತ್ತಿದ್ದರು. ಸಂಜೆಯೊಳಗೆ ಊರಿನ ಬಟ್ಟೆಯೆಲ್ಲ ಗರಿಗರಿಯಾಗಿ ಹೊರಬೀಳುತ್ತಿತ್ತು.

ಒಂದು ದಿನ ಗಂಟೆಪ್ಪನವರೂ ಬಂದು ಸಾಲಿನ ಕೊನೆಯಲ್ಲಿ ನಿಂತರು.

"ನಿನಗೇನು ಬೇಕು?" ಎಂದರು ಅತ್ತಿಗೆ.

"ಕಲಿಸ್ತೀರಾ ಅಂತ."

ಅತ್ತಿಗೆ ಅವರ ಮುಂದೆ ಒಂದು ಅಂಗಿ ಹರಡಿದರು. ಡ್ರಮ್ಮು ಬಿತ್ತು. ಅದರ ಜೊತೆಗೇ, ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ, ಗಂಟೆಪ್ಪನವರ ಪೆಟ್ಟಿಗೆ ಬಿತ್ತು.

"ಬೇಗ ಆಯ್ತು," ಎಂದರು ಅತ್ತಿಗೆ. ಇನ್ನೊಮ್ಮೆ ಬಿತ್ತು. "ಮತ್ತೆ ಬೇಗ."

ಪಕ್ಕದಲ್ಲಿದ್ದ ಶಿಷ್ಯೆಯೊಬ್ಬಳಿಗೆ ಕನಿಕರ ಬಂತು. "ಬಿಡಿ ಡ್ರೈವರ್ ಮಾಮ. ಇದು ರಕ್ತದಲ್ಲೇ ಬರಬೇಕು. ಇಡೀ ಬ್ಯಾಂಡನ್ನ ವ್ಯಾನಲ್ಲಿ ಹೊತ್ತು ತಿರುಗಿದ್ರೂ ಒಂದು ಹನಿ ಅಂಟಲಿಲ್ಲ ನಿಮಗೆ!"

ಕೋಣೆಯಲ್ಲಿದ್ದವರೆಲ್ಲ ಒಟ್ಟಿಗೆ ನಕ್ಕರು. ನಗು ನಿಂತಿತು. ಇನ್ನೇನು ಎಲ್ಲ ಮುಗಿಯಿತು ಎನ್ನುವಾಗ, ಮಾತಿನ ತಮಾಷೆ ಆಗ ಅರ್ಥವಾದವರಂತೆ, ಗಂಟೆಪ್ಪನವರು 'ಹಹ್ಹ' ಎಂದು ಒಬ್ಬರೇ ನಕ್ಕರು.

ಅತ್ತಿಗೆ ಎತ್ತಿದ ಪೆಟ್ಟಿಗೆಯನ್ನು ಹಾಗೆಯೇ ಹಿಡಿದು ನಿಂತರು. ಸೆರಗಿನಿಂದ ಕಣ್ಣೊರೆಸಿಕೊಂಡು, ಶಿಷ್ಯರ ಕಡೆ ತಿರುಗಿ ಗದರಿದರು:

"ಏನು ನೋಡ್ತಿದ್ದೀರಿ? ಕೇಳಿಸ್ಕೊಳ್ಳಿ. ಇನ್ನೊಂದು ಸಲ ನಗಿಸಿ ಅವನನ್ನ."